ಒಂದು ಲಕ್ಷದ ಹುಂಡಿ, ಅರ್ಧ ಪರ್ಸೆಂಟ್ ಬಡ್ಡಿ: ಅರ್ಥಶಾಸ್ತ್ರದ ಪಠ್ಯ ಬರೆಯುವವರಿಗೆ ಬಹಿರಂಗ ಪತ್ರ

ಕನ್ನಡದಲ್ಲಿ ಅರ್ಥಶಾಸ್ತ್ರ ಮತ್ತು ಬ್ಯಾಂಕಿಂಗ್ ಪಠ್ಯಗಳನ್ನು ಬರೆಯುವ, ಪರಿಷ್ಕರಿಸುವ ಎಲ್ಲರಿಗೆ,

ಮಾನ್ಯರೇ,

ರಿಸರ್ವ್ ಬ್ಯಾಂಕಿನ ಗವರ್ನರುಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಬೆನಗಲ್ ರಾಮ ರಾವ್. ಪಠ್ಯಗಳಲ್ಲಿ, ಗೈಡುಗಳಲ್ಲಿ, ಪರೀಕ್ಷೆಗೆ ಓದುವವರ ಟಿಪ್ಪಣಿಗಳಲ್ಲಿ ಅವರಿಗೆ ಸಿಗುವ ಜಾಗ ಹೆಚ್ಚೆಂದರೆ ಒಂದೂವರೆ ಸಾಲು: 1949ರಿಂದ 1957, ಅತಿ ದೀರ್ಘ ಅವಧಿ, ಹಣಕಾಸು ಸಚಿವರೊಡನೆ ಭಿನ್ನಾಭಿಪ್ರಾಯ, ರಾಜೀನಾಮೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಆ ಭಿನ್ನಾಭಿಪ್ರಾಯ ಯಾವುದರ ಬಗ್ಗೆ ಎಂದು ವಿದ್ಯಾರ್ಥಿ ಕೇಳಿದರೆ ಮೇಷ್ಟರು ‘ಬ್ಯಾಂಕಿನ ಸ್ವಾಯತ್ತತೆ’ ಎನ್ನಬೇಕಾಗುತ್ತದೆ. ಸ್ವಾಯತ್ತತೆ ಎಂದರೇನು ಎಂದು ಮತ್ತೆ ಕೇಳಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ.

ಜಗಳ ನಡೆದದ್ದು ಸ್ಟಾಂಪ್ ಸುಂಕದ ಮೇಲೆ, ಅದೂ ಮುದ್ದತಿ ಹುಂಡಿಗೆ (ವಾಯಿದೆ ಬರೆದ ಸಾಲದ ಕಾಗದಕ್ಕೆ) ಹಚ್ಚುವ ಸ್ಟಾಂಪಿನ ಮೇಲೆ. ಅದನ್ನು ಬಿಡಿಸಿ ತೋರಿಸಿದರೆ ಕೊರಿಯಾ ಯುದ್ಧ, ಸೂಯೆಜ್ ಕಾಲುವೆ, ಎರಡನೆಯ ಪಂಚವಾರ್ಷಿಕ ಯೋಜನೆ, ಕೇಂದ್ರ ಬ್ಯಾಂಕಿನ ಬಡ್ಡಿ ದರ ನಾಲ್ಕೂ ಒಂದೇ ಪಾಠದೊಳಗೆ ಬರುತ್ತವೆ. ಮುಂದಿನ ಪರಿಷ್ಕರಣೆಯಲ್ಲಿ ಆ ಒಂದೂವರೆ ಸಾಲನ್ನು ತೆಗೆದು ಒಂದು ಹುಂಡಿಯ ಲೆಕ್ಕವನ್ನು ಕೊಡಿ ಎಂಬುದು ನಮ್ಮ ಕೋರಿಕೆ. ಅದಕ್ಕೆ ಬೇಕಾದ ಸಾಮಗ್ರಿಯನ್ನೂ, ಸಾಮಾನ್ಯವಾಗಿ ಎಲ್ಲೆಲ್ಲಿ ತಪ್ಪಾಗುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಅಣ್ಣ, ಬೆನಗಲ್ ನರಸಿಂಗ ರಾವ್. ಪತ್ರಕರ್ತರಾಗಿದ್ದು, 1952ರ ಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದವರು ತಮ್ಮ, ಬಿ. ಶಿವರಾವ್. ರಾಮ ರಾವ್ ನಡುವಿನವರು, ಹುಟ್ಟಿದ್ದು 1889ರಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು, ಆಮೇಲೆ ಐ.ಸಿ.ಎಸ್. ದಕ್ಷಿಣ ಕನ್ನಡದ ಒಂದೇ ಮನೆಯ ಮೂವರು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ದೊಡ್ಡ ಜಾಗಗಳಲ್ಲಿ ಇದ್ದದ್ದರಿಂದ ಇನಿಷಿಯಲ್ಲು ಅದಲು ಬದಲಾಗುವುದು ಸಹಜ. ಆದರೂ ಪಠ್ಯದಲ್ಲಿ ಆಗಬಾರದು.

ಗವರ್ನರ್ ಆಗುವ ಮೊದಲಿನ ವೃತ್ತಿಯನ್ನು ಎರಡು ಪ್ಯಾರಾಗಳಲ್ಲಿ ಮುಗಿಸಬಹುದು, ಆದರೆ ಹುದ್ದೆಗಳ ಪಟ್ಟಿ ಮಾಡಿ ಅಲ್ಲ. 1924–25ರಲ್ಲಿ ಅವರು ತೆರಿಗೆ ವಿಚಾರಣಾ ಸಮಿತಿಯ ಕಾರ್ಯದರ್ಶಿ. ಸೈಮನ್ ಕಮಿಷನ್ನಿಗೆ ಹಣಕಾಸಿನ ವಿಷಯದಲ್ಲಿ ಸಹಾಯಕರು. 1934ರಿಂದ 1938ರವರೆಗೆ ಲಂಡನ್ನಿನಲ್ಲಿ ಡೆಪ್ಯುಟಿ ಹೈಕಮಿಷನರ್, ಅಲ್ಲಿಂದ 1941ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿ. 1941ರಿಂದ 1946ರವರೆಗೆ ಬೊಂಬಾಯಿ ಪೋರ್ಟ್ ಟ್ರಸ್ಟಿನ ಅಧ್ಯಕ್ಷ. ಈ ಕೊನೆಯದನ್ನು ‘ಮುಂತಾದ ಹುದ್ದೆಗಳು’ ಎಂಬುದರೊಳಗೆ ಅಡಗಿಸಬೇಡಿ. 1944ರ ಏಪ್ರಿಲ್ 14ರ ಸಂಜೆ ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿಯಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಅದರ ಜೊತೆಗೇ ಹತ್ತಿಯ ಬೇಲುಗಳು, 124 ಚಿನ್ನದ ಗಟ್ಟಿಗಳು ಇದ್ದವು. ಸತ್ತವರು 800ಕ್ಕೂ ಹೆಚ್ಚು. ಯುದ್ಧದ ನಡುವೆ, ಧಾನ್ಯವೂ ಮದ್ದುಗುಂಡೂ ಇಳಿಯುತ್ತಿದ್ದ ಬಂದರನ್ನು ಮತ್ತೆ ಕೆಲಸಕ್ಕೆ ಕೂರಿಸಬೇಕಾಗಿದ್ದ ಸಂಸ್ಥೆ ಅವರದು. ಸರಕು, ಸಾಗಾಣಿಕೆ ಬಾಡಿಗೆ, ಬಂದರಿನ ಅಡಚಣೆ ಇವೆಲ್ಲ ಬೆಲೆಯನ್ನು ಹೇಗೆ ಏರಿಸುತ್ತವೆ ಎಂಬುದು ಅವರಿಗೆ ಪುಸ್ತಕದ ತಿಳಿವಳಿಕೆಯಾಗಿರಲಿಲ್ಲ.

ಆಮೇಲೆ ಅಮೆರಿಕದ ಹಿಡಿತದಲ್ಲಿದ್ದ ಜಪಾನಿನಲ್ಲಿ ಒಂದು ವರ್ಷ, ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿ ಒಂದು ವರ್ಷ. ಸಿ.ಡಿ. ದೇಶಮುಖರ ನಂತರ 1949ರ ಜುಲೈ 1ರಂದು ಬೊಂಬಾಯಿಯಲ್ಲಿ ಗವರ್ನರ್ ಕುರ್ಚಿ. ಬ್ಯಾಂಕು ಸರ್ಕಾರದ ಸ್ವತ್ತಾಗಿ ಆಗ ಆರೇ ತಿಂಗಳು. ನೂರು ರೂಪಾಯಿಯ ಷೇರಿಗೆ 118 ರೂಪಾಯಿ 10 ಆಣೆ ಕೊಟ್ಟು ಅದನ್ನು ಆ ವರ್ಷದ ಜನವರಿ 1ರಿಂದ ರಾಷ್ಟ್ರೀಕರಿಸಲಾಗಿತ್ತು.

ಮೂರು ತಿಂಗಳು ತುಂಬುವ ಮೊದಲೇ ಮೊದಲ ಹೊಡೆತ ಬಿತ್ತು. 1949ರ ಸೆಪ್ಟೆಂಬರ್ 18, ಭಾನುವಾರ. ಬ್ರಿಟನ್ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ಎರಡು ದಿನದೊಳಗೆ ಭಾರತ ರೂಪಾಯಿಯನ್ನೂ ಅಷ್ಟೇ ಪ್ರಮಾಣದಲ್ಲಿ, ಶೇ. 30.5ರಷ್ಟು ಇಳಿಸಿತು. ಡಾಲರಿಗೆ 3.31ರ ಆಸುಪಾಸಿನಲ್ಲಿದ್ದ ದರ 4.76 ಆಯಿತು. ‘ರಾಮ ರಾವ್ ರೂಪಾಯಿಯ ಅಪಮೌಲ್ಯ ಮಾಡಿದರು’ ಎಂದು ಬರೆಯುವುದು ಇನ್ನೊಂದು ತಪ್ಪು. ಆ ಕಾಲದಲ್ಲಿ ವಿನಿಮಯ ದರ ನಿರ್ಧರಿಸುತ್ತಿದ್ದುದು ಸರ್ಕಾರ. ಆಗ ಹಣಕಾಸು ಸಚಿವರಾಗಿದ್ದವರು ಜಾನ್ ಮಥಾಯಿ. ನಿರ್ಧಾರ ಆದ ಮೇಲೆ ಅದರ ಪರಿಣಾಮವನ್ನು ದಿನನಿತ್ಯ ನಿಭಾಯಿಸುವ ಕೆಲಸ ಬ್ಯಾಂಕಿನದು.

ಆ ಪರಿಣಾಮ ಎಂಥದು ಎಂಬುದಕ್ಕೆ ಸೆಣಬನ್ನು ತೆಗೆದುಕೊಳ್ಳಿ. ಪಾಕಿಸ್ತಾನ ತನ್ನ ರೂಪಾಯಿಯನ್ನು ಇಳಿಸಲಿಲ್ಲ. ಹಾಗಾಗಿ 4.76ನ್ನು 3.31ರಿಂದ ಭಾಗಿಸಿದರೆ 1.44, ಅಂದರೆ ಪಾಕಿಸ್ತಾನದ 100 ರೂಪಾಯಿಗೆ ಭಾರತದ 144. ಸೆಣಬಿನ ಗಿರಣಿಗಳು ಕಲ್ಕತ್ತದ ಸುತ್ತ, ಒಳ್ಳೆಯ ಸೆಣಬು ಬೆಳೆಯುವ ಹೊಲಗಳು ಪೂರ್ವ ಬಂಗಾಳದಲ್ಲಿ. ಅಲ್ಲಿ ಒಂದು ಮಣ ಸೆಣಬಿಗೆ 35 ರೂಪಾಯಿ ಎಂದಿಟ್ಟುಕೊಳ್ಳಿ. ಹಿಂದಿನ ವಾರ ಗಿರಣಿಗೆ ಅದು 35ಕ್ಕೇ ಸಿಗುತ್ತಿತ್ತು, ಈ ವಾರ ಸುಮಾರು 50 ರೂಪಾಯಿ 6 ಆಣೆ. ಭಾರತ ಆ ದರವನ್ನೇ ಒಪ್ಪಲಿಲ್ಲ, ರಿಸರ್ವ್ ಬ್ಯಾಂಕು ಪಾಕಿಸ್ತಾನದ ರೂಪಾಯಿಗೆ ದರ ಹೇಳಲಿಲ್ಲ, ವ್ಯಾಪಾರ ಕಟ್ಟಿಹೋಯಿತು. ಒಂದೂವರೆ ವರ್ಷ ಹಗ್ಗ ಜಗ್ಗಾಡಿ 1951ರ ಫೆಬ್ರವರಿಯಲ್ಲಿ ಭಾರತ ಆ 144ನ್ನು ಒಪ್ಪಿಕೊಂಡಿತು. ದೇಶ ವಿಭಜನೆ ನೋಟಿನೊಳಗೆ ಹೇಗೆ ಇಳಿಯಿತು ಎಂಬುದನ್ನು ತೋರಿಸಲು ಇದಕ್ಕಿಂತ ಚಿಕ್ಕ ಲೆಕ್ಕ ಸಿಗಲಾರದು. ತರಗತಿಯಲ್ಲಿ ಐದು ನಿಮಿಷ ಸಾಕು.

1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅಣ್ಣ ನರಸಿಂಗ ರಾವ್. ಉತ್ತರ ಕೊರಿಯಾ ಹಿಂದಕ್ಕೆ ಸರಿಯಬೇಕೆಂಬ ಠರಾವು ಅಂಗೀಕಾರವಾದದ್ದು ಅವರ ಅಧ್ಯಕ್ಷತೆಯಲ್ಲೇ. ಅದೇ ಯುದ್ಧದ ಬೆಲೆಯೇರಿಕೆಯನ್ನು ಬೊಂಬಾಯಿಯಲ್ಲಿ ಎದುರಿಸಬೇಕಾದವರು ತಮ್ಮ ರಾಮ ರಾವ್. ಪಠ್ಯದಲ್ಲಿ ಇದನ್ನು ಚೌಕ ಹಾಕಿ ಕೊಟ್ಟರೂ ತಪ್ಪಿಲ್ಲ.

ಯುದ್ಧಕ್ಕೆ ಬೇಕಾದ ಸೆಣಬು, ರಬ್ಬರು, ಲೋಹ ಎಲ್ಲದರ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಭಾರತದಲ್ಲಿ ಸಗಟು ಬೆಲೆ 1951ರ ಏಪ್ರಿಲ್ ಹೊತ್ತಿಗೆ ತುದಿ ಮುಟ್ಟಿತು. ಇಲ್ಲಿ ಬ್ಯಾಂಕಿನ ಹಳೆಯ ಒಂದು ರೂಢಿ ಅಡ್ಡ ಬಂತು. ನವೆಂಬರಿನಿಂದ ಏಪ್ರಿಲ್‌ವರೆಗೆ ಫಸಲು ಪೇಟೆಗೆ ಬರುವ ಹಂಗಾಮು. ವ್ಯಾಪಾರಿಗಳಿಗೆ ಸಾಲ ಕೊಡಲು ಬ್ಯಾಂಕುಗಳಿಗೆ ನಗದು ಬೇಕು. ಅವು ತಮ್ಮಲ್ಲಿದ್ದ ಸರ್ಕಾರಿ ಬಾಂಡುಗಳನ್ನು ರಿಸರ್ವ್ ಬ್ಯಾಂಕಿಗೆ ಮಾರಿ ನಗದು ತರುತ್ತಿದ್ದವು, ಅದು ಕೊಳ್ಳುತ್ತಿತ್ತು. ಕೊಂಡಷ್ಟೂ ಹೊಸ ಹಣ ಚಲಾವಣೆಗೆ ಬರುತ್ತಿತ್ತು, ಹಂಗಾಮು ಮುಗಿದ ಮೇಲೆ ಅದು ಪೂರ್ತಿ ಹಿಂತಿರುಗುತ್ತದೆ ಎಂಬ ಖಾತ್ರಿಯಿರಲಿಲ್ಲ. 1951ರ ನವೆಂಬರಿನಲ್ಲಿ ರಾಮ ರಾವ್ ಎರಡು ಕೆಲಸ ಒಟ್ಟಿಗೆ ಮಾಡಿದರು. 1935ರಿಂದ ಶೇ. 3ರಲ್ಲೇ ಕದಲದೆ ನಿಂತಿದ್ದ ಬ್ಯಾಂಕ್ ದರವನ್ನು, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ಬಡ್ಡಿ ದರವನ್ನು, 3.5ಕ್ಕೆ ಏರಿಸಿದರು. ಹಂಗಾಮಿನ ನಗದಿಗಾಗಿ ಬಾಂಡು ತಂದರೆ ಇನ್ನು ಮುಂದೆ ಸಾಮಾನ್ಯವಾಗಿ ಕೊಳ್ಳುವುದಿಲ್ಲ, ಅಡವಿಟ್ಟರೆ ಸಾಲ ಕೊಡುತ್ತೇವೆ ಎಂದರು. ಪಠ್ಯಗಳು ದರ ಏರಿದ್ದನ್ನು ಮಾತ್ರ ಹೇಳುತ್ತವೆ. ನಮ್ಮ ಪ್ರಕಾರ ಎರಡನೆಯದೇ ಹೆಚ್ಚು ತೂಕದ್ದು, ಏಕೆಂದರೆ ಬಾಂಡನ್ನು ನಿಶ್ಚಿಂತೆಯಾಗಿ ಮಾರುವ ಬಾಗಿಲು ತೆರೆದಿರುವವರೆಗೆ ಬ್ಯಾಂಕ್ ದರ ಎಷ್ಟಿದ್ದರೂ ಯಾರಿಗೂ ಬಿಸಿ ತಾಗುವುದಿಲ್ಲ.

ಆ ಬಾಗಿಲು ಮುಚ್ಚಿದ ಮೇಲೆ ಬೇರೊಂದನ್ನು ತೆರೆಯಬೇಕಲ್ಲ. 1952ರ ಜನವರಿಯ ಬಿಲ್ ಮಾರುಕಟ್ಟೆ ಯೋಜನೆ ಬಂದದ್ದು ಹೀಗೆ. ಇದನ್ನು ಹಂತಹಂತವಾಗಿ ಕೊಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ.

ಹತ್ತಿ ವ್ಯಾಪಾರಿಯೊಬ್ಬ ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ ಸಾಲ (ಒಂದು ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ಪಡೆದಿದ್ದಾನೆ, ಕೇಳಿದಾಗ ಕೊಡುವ ಪ್ರೊನೋಟು ಬರೆದುಕೊಟ್ಟಿದ್ದಾನೆ. ಈ ಪ್ರೊನೋಟಿನ ಮೇಲೆ ರಿಸರ್ವ್ ಬ್ಯಾಂಕು ಸಾಲ ಕೊಡುವುದಿಲ್ಲ; ಅದಕ್ಕೆ ಬೇಕಾದದ್ದು ಮುದ್ದತಿ ಹುಂಡಿ, ಅಂದರೆ ಇಂಥ ದಿನ ಇಷ್ಟು ಹಣ ಎಂದು ವಾಯಿದೆ ಬರೆದ ಕಾಗದ. ಆದ್ದರಿಂದ ಬ್ಯಾಂಕು ಆ ಸಾಲದ ಒಂದು ಭಾಗವನ್ನು 90 ದಿನದ ಹುಂಡಿಯಾಗಿ ಬದಲಾಯಿಸುತ್ತದೆ. ವ್ಯಾಪಾರಿ ಸಹಿ ಹಾಕುತ್ತಾನೆ. ಹುಂಡಿಗೆ ಸ್ಟಾಂಪು ಹಚ್ಚಬೇಕು. ಬ್ಯಾಂಕು ಇಂಥ ಹುಂಡಿಗಳನ್ನು ಕಟ್ಟು ಮಾಡಿ, ತನ್ನದೇ ಒಂದು ಪ್ರೊನೋಟನ್ನು ಮೇಲಿಟ್ಟು ರಿಸರ್ವ್ ಬ್ಯಾಂಕಿಗೆ ಒಪ್ಪಿಸುತ್ತದೆ, ರಿಸರ್ವ್ ಬ್ಯಾಂಕು ಕಾಯ್ದೆಯ 17(4)(ಸಿ) ಕಲಮಿನಡಿ ಸಾಲ ಕೊಡುತ್ತದೆ. ಹುಂಡಿಯ ವಾಯಿದೆ ಮುಗಿದಂತೆ ಸಾಲ ತೀರಬೇಕು, ಇಲ್ಲವೇ ಬೇರೆ ಹುಂಡಿ ಇಡಬೇಕು. ಹಾಗಾಗಿ ಹಂಗಾಮಿನ ಜೊತೆ ಹಣ ಹೊರಬಂದು ಹಂಗಾಮಿನ ಜೊತೆಗೇ ಒಳಗೆ ಹೋಗುತ್ತದೆ.

ಹೊಸ ರೂಢಿಗೆ ಬ್ಯಾಂಕುಗಳನ್ನು ಎಳೆಯಲು ಎರಡು ರಿಯಾಯಿತಿ ಇತ್ತು: ಬ್ಯಾಂಕ್ ದರಕ್ಕಿಂತ ಅರ್ಧ ಪರ್ಸೆಂಟ್ ಕಡಿಮೆ, ಅಂದರೆ ಶೇ. 3ಕ್ಕೆ ಸಾಲ, ಜೊತೆಗೆ ಸ್ಟಾಂಪ್ ಖರ್ಚಿನಲ್ಲಿ ಅರ್ಧ ರಿಸರ್ವ್ ಬ್ಯಾಂಕಿನದೇ. ಮೊದಲಿಗೆ 10 ಕೋಟಿ ಠೇವಣಿಯಿದ್ದ ದೊಡ್ಡ ಬ್ಯಾಂಕುಗಳಿಗೆ ಮಾತ್ರ ಪ್ರವೇಶ. ಒಂದು ಸಲಕ್ಕೆ ಕನಿಷ್ಠ 25 ಲಕ್ಷದ ಸಾಲ, ಒಂದೊಂದು ಹುಂಡಿ ಕನಿಷ್ಠ 1 ಲಕ್ಷದ್ದು. 1953ರಲ್ಲಿ ಠೇವಣಿ ಮಿತಿ 5 ಕೋಟಿಗೆ ಇಳಿಯಿತು, 1954ರಲ್ಲಿ ಲೈಸೆನ್ಸ್ ಇರುವ ಎಲ್ಲ ಬ್ಯಾಂಕುಗಳಿಗೂ ತೆರೆಯಿತು. ಕೊರತೆಯನ್ನೂ ಮುಚ್ಚಿಡಬೇಡಿ. ಇವು ಸರಕು ಕೈ ಬದಲಾದಾಗ ತಾನಾಗಿ ಹುಟ್ಟಿದ ಹುಂಡಿಗಳಲ್ಲ, ರಿಸರ್ವ್ ಬ್ಯಾಂಕಿನ ಸಾಲಕ್ಕೆಂದೇ ಪರಿವರ್ತಿಸಿದ ಕಾಗದಗಳು. ಹುಂಡಿಯನ್ನು ಕೊಂಡು ಮಾರುವ ನಿಜವಾದ ಪೇಟೆ ಇದರಿಂದ ಬೆಳೆಯಲಿಲ್ಲ. ಹೆಸರಿನಲ್ಲಿ ‘ಮಾರುಕಟ್ಟೆ’ ಇದ್ದದ್ದಷ್ಟೇ.

ಇದೇ ವರ್ಷಗಳ ಇನ್ನೊಂದು ಕೆಲಸ ಪಠ್ಯಗಳಲ್ಲಿ ಇದೆ, ಆದರೆ ಬೇರೆ ಅಧ್ಯಾಯದಲ್ಲಿ, ರಾಮ ರಾವ್ ಹೆಸರಿಲ್ಲದೆ. ಗ್ರಾಮೀಣ ಸಾಲದ ಬಗ್ಗೆ 1951ರ ಫೆಬ್ರವರಿಯಲ್ಲಿ ಅವರು ಕರೆದ ಸಭೆಯಿಂದ ಹೊರಟದ್ದು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. 75 ಜಿಲ್ಲೆ, 600 ಹಳ್ಳಿ, 1,27,343 ಕುಟುಂಬ. ರೈತನ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇ. 3.1, ವಾಣಿಜ್ಯ ಬ್ಯಾಂಕುಗಳದು 0.9, ವೃತ್ತಿಪರ ಲೇವಾದೇವಿಗಾರರದು 44.8. ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕಾದದ್ದು, ಐದು ವರ್ಷದಲ್ಲಿ 400 ಶಾಖೆ ತೆರೆಯಬೇಕೆಂದು ಅದಕ್ಕೆ ಕಟ್ಟು ಹಾಕಿದ್ದು ಈ ವರದಿಯ ಫಲ. ಬ್ಯಾಂಕ್ ಆಫ್ ಮೈಸೂರು ಮುಂದೆ ಸ್ಟೇಟ್ ಬ್ಯಾಂಕಿನ ಬಳಗಕ್ಕೆ ಸೇರಿದ ದಾರಿಯ ಮೊದಲ ಕಲ್ಲೂ ಇದೇ.

ಇನ್ನು 1956. ಎರಡನೆಯ ಯೋಜನೆಯ ಲೆಕ್ಕದಲ್ಲಿ ಐದು ವರ್ಷಕ್ಕೆ 1,200 ಕೋಟಿ ರೂಪಾಯಿಯ ಕೊರತೆ ಹಣಕಾಸು, ಅಂದರೆ ಆದಾಯ ಮೀರಿದ ಖರ್ಚನ್ನು ಹೊಸ ಹಣದಿಂದ ತುಂಬುವುದು, ಇತ್ತು. ಅಷ್ಟು ನೋಟು ಹೊರಡಿಸಲು ಹಳೆಯ ಕಾನೂನು ಬಿಡುತ್ತಿರಲಿಲ್ಲ. ನೋಟಿನ ಶೇ. 40ರಷ್ಟು ಚಿನ್ನ ಮತ್ತು ವಿದೇಶಿ ಆಸ್ತಿಯಲ್ಲಿ ಇರಬೇಕಿತ್ತು. ಆ ವರ್ಷದ ತಿದ್ದುಪಡಿ ಈ ಅನುಪಾತವನ್ನು ತೆಗೆದು ಕನಿಷ್ಠ ಮೊತ್ತವನ್ನು ಇಟ್ಟಿತು: 400 ಕೋಟಿ ವಿದೇಶಿ ಆಸ್ತಿ, 115 ಕೋಟಿ ಚಿನ್ನ. ಆದರೆ ಬ್ಯಾಂಕಿನ ಪುಸ್ತಕದಲ್ಲಿದ್ದ ಚಿನ್ನ ಬರೀ 40 ಕೋಟಿಯದು. ಮಿಕ್ಕದ್ದು ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ, ಬೆಲೆ ಬದಲಾಯಿತು. ತೊಲಕ್ಕೆ 21 ರೂಪಾಯಿ 3 ಆಣೆ 10 ಪೈ ಎಂದು ಬರೆದಿದ್ದ ಹಳೆಯ ದರದ ಜಾಗದಲ್ಲಿ 62 ರೂಪಾಯಿ 8 ಆಣೆ ಬರೆದರು. ಆ ಅಂಕಿ ಹುಟ್ಟಿದ್ದು ಹೀಗೆ: ಔನ್ಸಿಗೆ 35 ಡಾಲರು, ಒಂದು ತೊಲ ಎಂದರೆ ಔನ್ಸಿನ ಎಂಟರಲ್ಲಿ ಮೂರು ಭಾಗ, ಆದ್ದರಿಂದ ತೊಲಕ್ಕೆ 13.125 ಡಾಲರು, ಅದನ್ನು 1949ರ ದರವಾದ 4.76ರಿಂದ ಗುಣಿಸಿದರೆ 62 ರೂಪಾಯಿ ಚಿಲ್ಲರೆ, ದರದ ಪೂರ್ತಿ ದಶಮಾಂಶ ಹಿಡಿದರೆ ಸರಿಯಾಗಿ ಅರವತ್ತೆರಡೂವರೆ. ಒಂದು ಗುಂಜಿ ಚಿನ್ನ ಹೆಚ್ಚಾಗದೆ 40 ಕೋಟಿ ಸುಮಾರು 118 ಕೋಟಿಯಾಯಿತು. ‘ಮೀಸಲು ಪದ್ಧತಿಯಲ್ಲಿ ಬದಲಾವಣೆ’ ಎಂಬ ಒಣ ಶೀರ್ಷಿಕೆಯ ಕೆಳಗೆ ಈ ಗುಣಾಕಾರ ಇರಲಿ.

ಅದೇ ವರ್ಷದ ಜುಲೈ 26ರಂದು ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿತು, ನವೆಂಬರಿನ ಯುದ್ಧದಲ್ಲಿ ಕಾಲುವೆ ಮುಚ್ಚಿತು. ಯುರೋಪಿನಿಂದ ಯಂತ್ರ ತರುವ ಹಡಗುಗಳು ಆಫ್ರಿಕ ಸುತ್ತಿ ಬರಬೇಕಾಯಿತು, ಬಾಡಿಗೆ ಏರಿತು. ಯೋಜನೆಯ ಆಮದು ಮೊದಲೇ ಹೆಚ್ಚಿತ್ತು. 1956–57ರ ಒಂದೇ ವರ್ಷದಲ್ಲಿ ವಿದೇಶಿ ಮೀಸಲು 200 ಕೋಟಿಗಿಂತ ಹೆಚ್ಚು ಕರಗಿತು. ಈ ಒತ್ತಡದ ನಡುವೆ ಹಣಕಾಸು ಖಾತೆ ಕೈ ಬದಲಾಗಿತ್ತು. ಅಲ್ಲಿಯವರೆಗೆ ಸಚಿವರಾಗಿದ್ದವರು ದೇಶಮುಖ್, ಸ್ವತಃ ಹಿಂದಿನ ಗವರ್ನರ್. ಬೊಂಬಾಯಿ ನಗರ ಮಹಾರಾಷ್ಟ್ರಕ್ಕೆ ಸೇರಬೇಕೇ ಎಂಬ ಪ್ರಶ್ನೆಯ ಮೇಲೆ ಅವರು ರಾಜೀನಾಮೆ ಕೊಟ್ಟು ಟಿ.ಟಿ. ಕೃಷ್ಣಮಾಚಾರಿ ಬಂದರು.

ನವೆಂಬರ್ 30ರಂದು ಕೃಷ್ಣಮಾಚಾರಿ ಮಂಡಿಸಿದ ಹೊಸ ತೆರಿಗೆಗಳಲ್ಲಿ ಹುಂಡಿಯ ಸ್ಟಾಂಪ್ ಸುಂಕದ ಏರಿಕೆಯೂ ಇತ್ತು. ಈಗ ಒಂದು ಲಕ್ಷದ ಹುಂಡಿಯನ್ನು ಕೈಗೆ ತೆಗೆದುಕೊಳ್ಳಿ. 90 ದಿನಕ್ಕೆ ಶೇ. 3ರಂತೆ ಬಡ್ಡಿ ಸುಮಾರು 740 ರೂಪಾಯಿ. 1956ರಲ್ಲಿ ರಿಸರ್ವ್ ಬ್ಯಾಂಕು ತಾನೇ ರಿಯಾಯಿತಿಗಳನ್ನು ಹಿಂತೆಗೆದು ದರವನ್ನು 3.5ಕ್ಕೆ ತಂದಿತ್ತು, ಅದರಂತೆ 863. ಹೊಸ ಸ್ಟಾಂಪು ಸೇರಿದರೆ ಬ್ಯಾಂಕಿಗೆ ಬೀಳುವ ವೆಚ್ಚ ಶೇ. 4ರ ಮಟ್ಟಕ್ಕೆ ಹೋಗುತ್ತದೆ, ಅಂದರೆ 986. ಲಕ್ಷಕ್ಕೆ 123 ರೂಪಾಯಿ ಹೆಚ್ಚು. ಸಾಲ ತೆಗೆದುಕೊಳ್ಳುವವನಿಗೆ ಇದು ಬಡ್ಡಿಯ ಹೆಸರಿನಲ್ಲಿ ಹೋಯಿತೋ ಸ್ಟಾಂಪಿನ ಹೆಸರಿನಲ್ಲಿ ಹೋಯಿತೋ ಎರಡೂ ಒಂದೇ. ಬ್ಯಾಂಕ್ ದರ ಪ್ರಕಟಿಸುವ ಅಧಿಕಾರ ರಿಸರ್ವ್ ಬ್ಯಾಂಕ್ ಕಾಯ್ದೆಯ 49ನೆಯ ಕಲಮಿನಂತೆ ಬ್ಯಾಂಕಿನದು. ಹುಂಡಿಯ ಸ್ಟಾಂಪ್ ದರ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 91ನೆಯ ನಮೂದು, ಸಂಸತ್ತಿನದು. ಹಾಗಾಗಿ ಕಾನೂನು ಮುರಿದವರು ಯಾರೂ ಇಲ್ಲ. ಒಂದು ಕೈಯಲ್ಲಿದ್ದ ಕೀಲಿಯ ಕೆಲಸವನ್ನು ಇನ್ನೊಂದು ಕೈ ಬೇರೆ ಕೀಲಿಯಿಂದ ಮಾಡಿತು, ಅಷ್ಟೆ. (ಅಣ್ಣ ಸಲಹೆಗಾರರಾಗಿದ್ದ ಸಂವಿಧಾನದ ಅನುಸೂಚಿ ಇದು, ವಿಧಿಯ ಆಟ ಎನ್ನುವವರು ಎನ್ನಲಿ.)

ಡಿಸೆಂಬರಿನಲ್ಲಿ ಬ್ಯಾಂಕಿನ ಕೇಂದ್ರ ಮಂಡಳಿ ತನ್ನ ಆಕ್ಷೇಪವನ್ನು ಬರೆದು ಕಳುಹಿಸಿತು. ರೂಪದಲ್ಲಿ ತೆರಿಗೆ, ಉದ್ದೇಶದಲ್ಲಿ ಸಾಲ ಬಿಗಿಮಾಡುವ ಕ್ರಮ ಎಂಬುದು ಸಚಿವರ ನಿಲುವು. ರಿಸರ್ವ್ ಬ್ಯಾಂಕನ್ನು ತಮ್ಮ ಸಚಿವಾಲಯದ ಒಂದು ವಿಭಾಗವೆಂಬಂತೆ ಅವರು ಆಡಿದ ಮಾತು ಗವರ್ನರರನ್ನು ಕೆರಳಿಸಿತು. ದೂರು ನೆಹರೂ ತನಕ ಹೋಯಿತು. ಬ್ಯಾಂಕು ಸಲಹೆ ಕೊಡಬಹುದು, ಆದರೆ ಸರ್ಕಾರದ ನೀತಿಗೆ ಹೊಂದಿಕೊಂಡು ನಡೆಯಬೇಕು ಎಂಬುದು ಪ್ರಧಾನಿಯ ಉತ್ತರದ ತಾತ್ಪರ್ಯ. ರಾಮ ರಾವ್ ಮುಂದುವರಿಯಲಿಲ್ಲ. 1957ರ ಜನವರಿ 14 ಅವರ ಕೊನೆಯ ದಿನ.

ಇಲ್ಲಿ ಇಬ್ಬರಲ್ಲಿ ಒಬ್ಬರನ್ನು ಖಳನಾಯಕ ಮಾಡಬೇಡಿ. ಸಾಲ ದುಬಾರಿಯಾಗಬೇಕು ಎಂಬುದರಲ್ಲಿ ಬ್ಯಾಂಕಿಗೂ ತಕರಾರಿರಲಿಲ್ಲ, ರಿಯಾಯಿತಿ ಕಿತ್ತದ್ದು ಅದೇ. ತಕರಾರು ದರ ಹೇಳುವ ಬಾಯಿ ಯಾವುದು ಎಂಬುದರ ಮೇಲೆ. ‘ಹಣಕಾಸು ನೀತಿ’ ಎಂಬ ಒಂದೇ ಮಾತನ್ನು ಬಜೆಟ್ಟಿಗೂ ಬಡ್ಡಿಗೂ ಬಳಸುವ ನಮ್ಮ ಪಠ್ಯಗಳ ಅಭ್ಯಾಸದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ತೆರಿಗೆ ನೀತಿ, ಹಣದ ನೀತಿ ಎಂದು ಬೇರೆ ಬೇರೆ ಬರೆದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಲೆಕ್ಕದ ಕೊನೆಯ ಸಾಲನ್ನೂ ಬಿಡದೆ ಕೊಡಿ. ಕೆ.ಜಿ. ಅಂಬೇಗಾಂವ್ಕರ್ ಆರೇಳು ವಾರ ಕುರ್ಚಿ ನೋಡಿಕೊಂಡ ಮೇಲೆ ಮಾರ್ಚ್ 1ಕ್ಕೆ ಎಚ್.ವಿ.ಆರ್. ಅಯ್ಯಂಗಾರ್ ಗವರ್ನರ್ ಆದರು. 1957ರ ಮೇ 16ರಂದು ರಿಸರ್ವ್ ಬ್ಯಾಂಕು ಬ್ಯಾಂಕ್ ದರವನ್ನು 3.5ರಿಂದ 4ಕ್ಕೆ ಏರಿಸಿತು, ಹುಂಡಿಯ ಸ್ಟಾಂಪ್ ಸುಂಕವನ್ನು ಸರ್ಕಾರ ಇಳಿಸಿತು. ಒಂದು ಲಕ್ಷದ ಹುಂಡಿಗೆ 90 ದಿನಕ್ಕೆ 986 ರೂಪಾಯಿ, ಈ ಸಲ ಬಡ್ಡಿಯಾಗಿ.

ಇತಿ,
ಬ್ಯಾಂಕಿಂಗ್ ಇತಿಹಾಸವನ್ನು ಓದುವ, ಓದಿಸುವ ಕೆಲವರು